ಲಾರ್ನಾಕಾದ ಬೀದಿ, ಮಡಿಕೇರಿಯ ಮನೆ

ಏರ್‌ಪೋರ್ಟಿನಿಂದ ಹೊರಗೆ ಬಂದು ಟ್ಯಾಕ್ಸಿ ಹತ್ತಿದವಳು ಫೋನಿನಲ್ಲಿದ್ದ ವಿಳಾಸವನ್ನು ಡ್ರೈವರ್‌ಗೆ ಓದಿ ಹೇಳಿದೆ. 'ಸ್ಟ್ರಾಟಿಗೌ ತಿಮಾಗಿಯಾ.' ಆತ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ. 'ತಿಮಾಯಾ' ಅಂತ ತಿದ್ದಿದ. 'ಸ್ತ್ರಾತಿಗೂ ತಿಮಾಯಾ.' ಗ್ರೀಕ್ ಭಾಷೆಯಲ್ಲಿ ಕೆಲವು ಕಡೆ 'ಗ' ಬರೆದಿದ್ದರೂ 'ಯ' ಅಂತ ಓದುತ್ತಾರಂತೆ. ಊರಿಗೊಂದು ಉಚ್ಚಾರ, ನಮಗ್ಯಾಕೆ ಅಂದುಕೊಂಡು ಸುಮ್ಮನಾದೆ.

ಊರು ಲಾರ್ನಾಕಾ, ದೇಶ ಸೈಪ್ರಸ್. ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿ, ಟರ್ಕಿಯ ಕೆಳಗೆ ಇರುವ ದ್ವೀಪ. ಹಡಗು ಕಂಪನಿಯೊಂದರ ಹಳೇ ಸಾಫ್ಟ್‌ವೇರನ್ನು ಹೊಸದಕ್ಕೆ ಬದಲಾಯಿಸುವ ಕೆಲಸಕ್ಕೆ ನಮ್ಮ ಟೀಮಿನಿಂದ ನನ್ನನ್ನು ಮೂರು ವಾರಕ್ಕೆ ಕಳಿಸಿದ್ದರು. ಜನವರಿ ತಿಂಗಳು. ಬೆಂಗಳೂರಿನ ಡಿಸೆಂಬರ್ ಥರದ ಹಿತವಾದ ಚಳಿ. ಸಮುದ್ರದ ದಂಡೆಯುದ್ದಕ್ಕೂ ಖರ್ಜೂರದ ಜಾತಿಯ ಮರಗಳ ಸಾಲು, ಅದರ ಹೆಸರು ಫಿನಿಕೂದೆಸ್. ಊರಿಗೆ ಹೊಂದಿಕೊಂಡೇ ಒಂದು ಉಪ್ಪಿನ ಕೆರೆ. ಚಳಿಗಾಲದಲ್ಲಿ ಅದರಲ್ಲಿ ನೀರು ತುಂಬುತ್ತೆ, ಸಾವಿರಗಟ್ಟಲೆ ಫ್ಲೆಮಿಂಗೊಗಳು ಬಂದು ಇಳಿಯುತ್ತವೆ. ಕೆರೆಯ ಆಚೆ ದಡದಲ್ಲಿ ಹಾಲಾ ಸುಲ್ತಾನ್ ತೆಕ್ಕೆ ಅನ್ನೋ ಹಳೇ ಮಸೀದಿ, ಊರೊಳಗೆ ಸಂತ ಲಾಜರಸ್‌ನ ಚರ್ಚು. ಎರಡನ್ನೂ ಒಂದೇ ಸಂಜೆ ನೋಡಿ ಬರಬಹುದು, ಅಷ್ಟು ಪುಟ್ಟ ಊರು.

ನನ್ನ ಅಪಾರ್ಟ್‌ಮೆಂಟ್ ಇದ್ದದ್ದು ಆ ತಿಮಾಯಾ ಬೀದಿಗೆ ಅಂಟಿಕೊಂಡ ಒಂದು ಓಣಿಯಲ್ಲಿ. ಬೀದಿಯಲ್ಲಿ ವಿಶೇಷ ಏನೂ ಇಲ್ಲ. ಬ್ಯಾಂಕು, ಮೆಡಿಕಲ್ ಶಾಪು, ಕಾಫಿ ಅಂಗಡಿ, ನಮ್ಮ ಯಾವುದೇ ಊರಿನ ಮೇನ್ ರೋಡಿನ ಹಾಗೆ. ದಿನಾ ಬೆಳಿಗ್ಗೆ ಅಲ್ಲಿನ ಬೇಕರಿಯೊಂದರಲ್ಲಿ ಚೀಸ್ ತುಂಬಿದ ಬನ್ನು ತಗೊಂಡು ಆಫೀಸಿಗೆ ಹೋಗ್ತಿದ್ದೆ. ಗಲ್ಲಾದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ ಕೂತಿರ್ತಿದ್ದರು. ಮೂರನೇ ದಿನವೋ ನಾಲ್ಕನೇ ದಿನವೋ ಚಿಲ್ಲರೆ ಕೊಡುತ್ತಾ, 'ಯಾವ ದೇಶ ನಿಮ್ಮದು?' ಅಂತ ಕೇಳಿದರು. ಇಂಡಿಯಾ ಅಂದೆ. ಅವರ ಮುಖ ಅರಳಿತು.

'ಹಾಗಿದ್ರೆ ಈ ಬೀದಿ ನಿಮ್ಮದೇ' ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ವಿವರಿಸಿದರು. ಸ್ತ್ರಾತಿಗೂ ಅಂದರೆ ಜನರಲ್. ತಿಮಾಯಾ ಅಂದರೆ ನಿಮ್ಮ ದೇಶದ ಜನರಲ್. ನಾನು ಹುಡುಗನಾಗಿದ್ದಾಗ ಇಲ್ಲಿ ಒಬ್ಬರನ್ನೊಬ್ಬರು ಕೊಲ್ತಿದ್ದರು, ಆಗ ವಿಶ್ವಸಂಸ್ಥೆಯ ಸೈನ್ಯ ಬಂತು, ಅದಕ್ಕೆ ಅವರೇ ದೊಡ್ಡವರು. ಇಲ್ಲೇ ತೀರಿಕೊಂಡರು. ಅವರ ಹೆಸರಿನ ಅಂಚೆಚೀಟಿ ನನ್ನ ಆಲ್ಬಮ್ಮಿನಲ್ಲಿತ್ತು.

ಬನ್ನಿನ ಕವರ್ ಹಿಡಿದುಕೊಂಡು ಬೀದಿಗೆ ಬಂದೆ. ಮೂಲೆಯ ಬೋರ್ಡಿನ ಮುಂದೆ ನಿಂತು ಇನ್ನೊಮ್ಮೆ ಓದಿದೆ. ತಿಮಾಯಾ. ತಿ-ಮಾ-ಯಾ. ತಿಮ್ಮಯ್ಯ!

ಜನರಲ್ ತಿಮ್ಮಯ್ಯ. ನಮ್ಮ ಪಕ್ಕದ ಕೊಡಗಿನವರು. ನಾನು ಬೆಂಗಳೂರಿನಲ್ಲಿ ದಿನಾ ಆಟೊ ಹಿಡಿಯುವ ರಿಚ್ಮಂಡ್ ರೋಡಿನ ಸರ್ಕಾರಿ ಹೆಸರು ಅವರದ್ದೇ. ಅದಕ್ಕಿಂತ ಹೆಚ್ಚಾಗಿ, ಅವರು ನಮ್ಮ ತಾತನ 'ಸಾಹೇಬ್ರು'. ಆ ಬೀದಿಯಲ್ಲಿ ನಿಂತಾಗ ಮೊದಲು ಸಂತೋಷವಾಯಿತು. ಆಮೇಲೆ ಹೊಟ್ಟೆಯೊಳಗೆ ಏನೋ ಚುಳ್ ಅಂತು. ಯಾಕೆ ಅಂತ ಹೇಳ್ತೀನಿ.

ಮಿಲಿಟ್ರಿ ತಾತ

ಅಮ್ಮನ ಊರು ಅರಕಲಗೂಡು ಕಡೆ. ಊರಲ್ಲಿ ನಮ್ಮ ತಾತನಿಗೆ 'ಮಿಲಿಟ್ರಿಯೋರು' ಅಂತಲೇ ಹೆಸರು. ಹದಿನೆಂಟೋ ಹತ್ತೊಂಬತ್ತೋ ವಯಸ್ಸಿಗೆ ಮನೆಯಲ್ಲಿ ಜಗಳ ಮಾಡಿಕೊಂಡು ಬೆಂಗಳೂರಿಗೆ ಓಡಿಹೋಗಿ ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿಕೊಂಡವರು. ಸ್ಯಾಪರ್ಸ್ ಅಂದರೆ ಸೈನ್ಯದ ಇಂಜಿನಿಯರಿಂಗ್ ಪಡೆ. ದಾರಿ ಕಡಿಯೋದು, ಸೇತುವೆ ಕಟ್ಟೋದು, ಸಿಡಿಮದ್ದು ಇಡೋದು, ತೆಗೆಯೋದು. ತಾತನೇ ಹೇಳ್ತಿದ್ದ ಹಾಗೆ, 'ಬಂದೂಕ್ಕಿಂತ ಗುದ್ಲಿ ಹಿಡ್ದಿದ್ದೇ ಜಾಸ್ತಿ.'

ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸೇರಿದಾಗ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಕಥೆ ಹೇಳ್ತಿದ್ದರು. ಅವರ ಹತ್ತಿರ ಇದ್ದದ್ದು ಮುಖ್ಯವಾಗಿ ಒಂದೇ ಕಥೆ. ಕಾಶ್ಮೀರದಲ್ಲಿ ಒಂದು ಕಣಿವೆ, ಕುದುರೆ ಹೋಗೋಕೂ ಕಷ್ಟ ಆಗೋ ಹಾದಿ, ಅದನ್ನು ಟ್ಯಾಂಕ್ ಹೋಗೋ ದಾರಿ ಮಾಡಿದ್ದು. ಮೇಲಿಂದ ಗುಂಡು, ಕೆಳಗೆ ಹಿಮ. 'ಕೊನೆಗೆ ಟ್ಯಾಂಕ್ ಹತ್ತಿದ ದಿನ ತಿಮ್ಮಯ್ಯ ಸಾಹೇಬ್ರು ಮೊದಲ್ನೇ ಟ್ಯಾಂಕಲ್ಲೇ ಕುಂತಿದ್ರು ಕಣವ್ವ. ಜನರಲ್ಲು! ಮೊದಲ್ನೇ ಟ್ಯಾಂಕಲ್ಲಿ!' ಅನ್ನುವಾಗ ಅವರ ದನಿ ಏರುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ. ಮಾವನ ಮನೆಗೆ ಆಗಷ್ಟೇ ಡಿವಿಡಿ ಬಂದಿತ್ತು, ಇಂಗ್ಲಿಷ್ ಯುದ್ಧದ ಸಿನಿಮಾಗಳನ್ನು ನೋಡಿ ನಮಗೆಲ್ಲ ಗೊತ್ತು ಅನ್ನೋ ವಯಸ್ಸು. ತಾತ ಅದೇ ಜಾಗಕ್ಕೆ ಬಂದಾಗ ನಾನು ಅಂದೆ: 'ಸುಮ್ನಿರಿ ತಾತ. ಜನರಲ್ ಆದೋರು ಹಿಂದೆ ಟೆಂಟಲ್ಲಿ ಮ್ಯಾಪ್ ನೋಡ್ತಾ ಕೂತಿರ್ತಾರೆ. ಮೊದಲ್ನೇ ಟ್ಯಾಂಕಲ್ಲಿ ಯಾರು ಕೂರ್ತಾರೆ? ನೀವೇ ಡ್ರೈವರ್ರಾ ಹಾಗಾದ್ರೆ?'

ಎಲ್ಲರೂ ನಕ್ಕರು. ಜಗಲಿ ತುಂಬಾ ನಗು. ತಾತನಿಗೆ ಕೋಪ ಬರಲಿಲ್ಲ. ಅವರೂ ಸ್ವಲ್ಪ ನಕ್ಕು, 'ಇರ್ಬೋದು ಕಣವ್ವ, ವಯಸ್ಸಾಯ್ತು, ನೆನಪು ಹಿಂದೆ ಮುಂದೆ ಆಗ್ತದೆ' ಅಂದರು. ಆಮೇಲೆ ಆ ಕಥೆಯನ್ನು ಅವರು ನನ್ನ ಮುಂದೆ ಹೇಳಿದ್ದು ನೆನಪಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಹೋಗಿಬಿಟ್ಟರು.

ಲಾರ್ನಾಕಾದ ಬೀದಿ ಮೂಲೆಯಲ್ಲಿ ಬನ್ನು ಹಿಡಿದುಕೊಂಡು ನಿಂತವಳಿಗೆ ನೆನಪಾದದ್ದು ಆ ನಗು.

ಮೊದಲನೇ ಟ್ಯಾಂಕು

ಅವತ್ತು ರಾತ್ರಿ ರೂಮಿನಲ್ಲಿ ಕೂತು ಓದಿದೆ. ಎರಡು ಗಂಟೆವರೆಗೂ ಓದಿದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕಾಫಿ ಬೆಳೆಯುವ ಮನೆತನ. ಓದಿದ್ದು ಕೂನೂರಿನಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೈನ್ಯದ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆ ಜಪಾನೀಯರ ವಿರುದ್ಧ ಒಂದು ಬ್ರಿಗೇಡನ್ನೇ ಯುದ್ಧದಲ್ಲಿ ಮುನ್ನಡೆಸಿದರು. ಬ್ರಿಟಿಷರ ಆ ಸೈನ್ಯದಲ್ಲಿ ಆ ಯುದ್ಧದಲ್ಲಿ ಹಾಗೆ ಮುನ್ನಡೆಸಿದ ಭಾರತೀಯ ಅವರೊಬ್ಬರೇ.

ಮೂವರು ಅಣ್ಣತಮ್ಮಂದಿರೂ ಸೈನ್ಯದ ಅಧಿಕಾರಿಗಳು. ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಸೇನೆ ಸೇರಿದರು. ಅಂದರೆ ಅಣ್ಣ ಒಂದು ಕಡೆ, ತಮ್ಮ ಎದುರು ಕಡೆ. ಕಿರಿಯವರಾದ ಸೋಮಯ್ಯ 1947-48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು. ಅದೇ ಕಾಶ್ಮೀರದಲ್ಲಿ ತಿಮ್ಮಯ್ಯ ಮೇಜರ್ ಜನರಲ್ ಆಗಿ ಒಂದು ಡಿವಿಜನ್ನಿನ ಹೊಣೆ ಹೊತ್ತಿದ್ದರು. 1948ರ ಮೇ ತಿಂಗಳಲ್ಲಿ ಲೇಹ್‌ನ ಕಚ್ಚಾ ನೆಲದ ಮೇಲೆ ಮೊದಲ ಬಾರಿಗೆ ಡಕೋಟಾ ವಿಮಾನ ಇಳಿಸಿದಾಗ, ಪೈಲಟ್ ಮೆಹರ್ ಸಿಂಗ್ ಜೊತೆ ಆ ವಿಮಾನದಲ್ಲಿ ತಾವೇ ಕೂತಿದ್ದರು.

ಆಮೇಲೆ ಜೋಜಿ ಲಾ. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯ ಕಣಿವೆ, ಹನ್ನೊಂದೂವರೆ ಸಾವಿರ ಅಡಿ ಎತ್ತರ. ಅದು ಎದುರಾಳಿಗಳ ಕೈಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ಹತ್ತಲು ನೋಡಿ ಆಗಲಿಲ್ಲ. ಚಳಿಗಾಲ ಬಂದರೆ ಲೇಹ್ ಕೈತಪ್ಪುತ್ತೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ತರುತ್ತಾರೆ ಅಂತ ಯಾರೂ ಊಹಿಸಿರಲಿಲ್ಲ. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಭಾಗ ಬಿಚ್ಚಿ, ಗುಟ್ಟಾಗಿ ಸಾಗಿಸಿ, ಬಾಲ್ತಾಲ್‌ವರೆಗೆ ತಂದರು. ಅಲ್ಲಿಂದ ಮೇಲಕ್ಕೆ ಹೇಸರಗತ್ತೆಗಳ ಹಾದಿಯನ್ನು ಅಗಲ ಮಾಡಿ ಟ್ಯಾಂಕಿನ ದಾರಿ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿದ್ದಾಗ, ಟ್ಯಾಂಕುಗಳು ಕಣಿವೆ ಹತ್ತಿದವು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮತ್ತೆ ಕೈಸೇರಿದವು, ಲೇಹ್ ಉಳಿಯಿತು.

ಮೊದಲನೇ ಟ್ಯಾಂಕಿನಲ್ಲಿ ಜನರಲ್ ತಿಮ್ಮಯ್ಯ ಇದ್ದರು.

ಆ ಸಾಲನ್ನು ಮೂರು ನಾಲ್ಕು ಸಲ ಓದಿದೆ. ಭಾರತದಲ್ಲಿ ಆಗ ಬೆಳಗಿನ ಐದೂವರೆ. ಅಮ್ಮನಿಗೆ ಫೋನ್ ಮಾಡೋಣ ಅನ್ನಿಸಿತು, ಹೆದರಿಕೊಳ್ತಾಳೆ ಅಂತ ಬಿಟ್ಟೆ. ಮಾರನೇ ದಿನ ಬೀದಿಯ ಬೋರ್ಡಿನ ಫೋಟೊ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. 'ಇದು ತಾತನ ಸಾಹೇಬ್ರ ಹೆಸರಿನ ಬೀದಿ. ತಾತ ಹೇಳಿದ್ದು ನಿಜ' ಅಂತ ಮಾತ್ರ ಬರೆದೆ. ಅಮ್ಮ ಒಂದೇ ಸಾಲು ಕಳಿಸಿದಳು. 'ನಮಗೆ ಗೊತ್ತಿತ್ತು, ನೀವು ನಗ್ತಿದ್ರಿ.'

ಹಸಿರು ಗೆರೆ

ಭಾನುವಾರ ಬಸ್ ಹತ್ತಿ ರಾಜಧಾನಿ ನಿಕೋಸಿಯಾಕ್ಕೆ ಹೋದೆ. ಐವತ್ತು ಕಿಲೋಮೀಟರ್ ಹತ್ತಿರ. ತಿಮ್ಮಯ್ಯ ಕೆಲಸ ಮಾಡಿದ, ತೀರಿಕೊಂಡ ಊರು ಅದು.

ಸೈಪ್ರಸ್ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಮೂರೇ ವರ್ಷಕ್ಕೆ, 1963ರ ಡಿಸೆಂಬರ್‌ನಲ್ಲಿ, ಗ್ರೀಕ್ ಮಾತಾಡುವವರಿಗೂ ಟರ್ಕಿಷ್ ಮಾತಾಡುವವರಿಗೂ ಹೊಡೆದಾಟ ಶುರುವಾಯಿತು. ಬ್ರಿಟಿಷ್ ಅಧಿಕಾರಿಯೊಬ್ಬ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದು ನಿಕೋಸಿಯಾವನ್ನು ಎರಡು ಮಾಡಿದ. ಅದಕ್ಕೇ ಇವತ್ತಿಗೂ ಅದರ ಹೆಸರು ಹಸಿರು ಗೆರೆ. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಮೊದಲ ಕಮಾಂಡರ್ ಭಾರತದವರೇ ಆದ ಜನರಲ್ ಗ್ಯಾನಿ. ಕೆಲವೇ ತಿಂಗಳಲ್ಲಿ ಅವರ ಜಾಗಕ್ಕೆ ತಿಮ್ಮಯ್ಯ ಬಂದರು. ಬಂದ ಮರುತಿಂಗಳೇ, ಆಗಸ್ಟ್‌ನಲ್ಲಿ, ದ್ವೀಪದ ವಾಯವ್ಯ ಕರಾವಳಿಯಲ್ಲಿ ಕಾದಾಟ ಹೆಚ್ಚಾಗಿ ಟರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಅಂಥ ಹೊತ್ತಿನಲ್ಲಿ ಕೆನಡಾ, ಐರ್ಲೆಂಡ್, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಬ್ರಿಟನ್ನಿನ ಸೈನಿಕರನ್ನು ಒಟ್ಟಿಗೆ ಇಟ್ಟುಕೊಂಡು ಇಬ್ಬರ ನಡುವೆ ನಿಲ್ಲಬೇಕಿತ್ತು. ಶಾಂತಿಪಾಲಕರು ಆತ್ಮರಕ್ಷಣೆಗೆ ಬಿಟ್ಟು ಗುಂಡು ಹಾರಿಸುವಂತಿಲ್ಲ. ಗೆಲ್ಲುವ ಹಾಗೂ ಇಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಅವರಿಗೆ ಇದು ಹೊಸದಲ್ಲ. 1953-54ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. ನಡುವೆ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟರು, ನೆಹರೂ ಮಾತಿನ ಮೇಲೆ ವಾಪಸ್ ತಗೊಂಡರು. ಅವರು ನಿವೃತ್ತರಾದ ಮರುವರ್ಷವೇ ಚೀನಾ ಯುದ್ಧ. ಆ ಕಥೆ ನಿಮಗೆ ಗೊತ್ತೇ ಇದೆ.

ಲೆದ್ರಾ ಬೀದಿಯಲ್ಲಿ ನಡೆದೆ. ಎರಡೂ ಕಡೆ ಬಟ್ಟೆ ಅಂಗಡಿ, ಐಸ್‌ಕ್ರೀಮ್, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಇದ್ದಕ್ಕಿದ್ದಂತೆ ಬೀದಿ ಮುಗಿದು ಒಂದು ಚೆಕ್‌ಪೋಸ್ಟ್. ಪಾಸ್‌ಪೋರ್ಟ್ ತೋರಿಸಿ ಜನ ಆಚೆಗೆ ಹೋಗುತ್ತಾರೆ. 2008ರವರೆಗೆ ಅಲ್ಲಿ ಅದೂ ಇರಲಿಲ್ಲವಂತೆ. ವೀಸಾ ತೊಂದರೆ ಬೇಡ ಅಂತ ಆಫೀಸಿನಲ್ಲಿ ಹೇಳಿದ್ದರಿಂದ ನಾನು ಆಚೆ ಹೋಗಲಿಲ್ಲ. ಪಕ್ಕದ ಸಂದಿಯಲ್ಲಿ ತಿರುಗಿದರೆ ಗೋಡೆಯ ಹಾಗೆ ಜೋಡಿಸಿದ ಡ್ರಮ್ಮುಗಳು, ಮರಳಿನ ಚೀಲ, ಅದರ ಹಿಂದೆ ಕಿಟಕಿ ಕಳಚಿದ ಮನೆಗಳು. ಒಂದು ಮನೆಯ ಬಾಲ್ಕನಿಯಲ್ಲಿ ಅಂಜೂರದ ಗಿಡ ಬೆಳೆದು ಕಬ್ಬಿಣದ ಸರಳಿನ ಆಚೆ ಬಂದಿತ್ತು. 1974ರಲ್ಲಿ ಟರ್ಕಿಯ ಸೈನ್ಯ ಇಳಿದ ಮೇಲೆ ಆ ಗೆರೆ ದ್ವೀಪವನ್ನೇ ಸೀಳಿತು, ಸುಮಾರು 180 ಕಿಲೋಮೀಟರ್. ವಿಶ್ವಸಂಸ್ಥೆಯ ಪಡೆ ಇನ್ನೂ ಅಲ್ಲೇ ಇದೆ.

ಅಂದರೆ ತಿಮ್ಮಯ್ಯನವರ ಕೆಲಸ ಮುಗಿಯಲಿಲ್ಲ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. 1965ರ ಡಿಸೆಂಬರ್ 18ರಂದು, 59ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ಡ್ಯೂಟಿಯಲ್ಲಿದ್ದಾಗಲೇ ಹೋದರು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು, ಬೀದಿಗೆ ಹೆಸರಿಟ್ಟಿತು. ಹಸಿರು ಗೆರೆಯ ಮುಂದೆ ನಿಂತು ಯೋಚಿಸಿದೆ. ಮುಗಿಯದ ಕೆಲಸಕ್ಕೂ ಜನ ಯಾಕೆ ಹೆಸರಿಡ್ತಾರೆ? ಬೇಕರಿ ಅಜ್ಜನ ಮಾತು ನೆನಪಾಯಿತು. ಕೊಲ್ಲುತ್ತಿದ್ದಾಗ ಒಬ್ಬರು ಬಂದು ನಡುವೆ ನಿಂತಿದ್ದರು ಅನ್ನೋದಷ್ಟೇ ಅವರಿಗೆ ನೆನಪಿತ್ತು. ಮೊದಲನೇ ಟ್ಯಾಂಕಿನಲ್ಲಿ ಕೂತ ಮನುಷ್ಯ ಇಲ್ಲಿಯೂ ಹಿಂದೆ ನಿಂತಿರಲಿಲ್ಲ.

ಸನ್ನಿ ಸೈಡ್

ವಾಪಸ್ ಬಂದ ಮೇಲೆ ಮಾರ್ಚ್‌ನಲ್ಲಿ ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಮಡಿಕೇರಿಗೆ ಹೋದೆ. ಬೆಂಗಳೂರಿನಿಂದ ಹೋಗುವವರಿಗೆ ಮೈಸೂರು, ಹುಣಸೂರು, ಕುಶಾಲನಗರದ ದಾರಿ. ಐದಾರು ಗಂಟೆ ಬೇಕು. ನಾವು ಊರಿನಿಂದಲೇ ಹೊರಟಿದ್ದರಿಂದ ಕೊಣನೂರು, ಕೂಡಿಗೆ ಮೇಲೆ ಹೋದೆವು. ಕೂಡಿಗೆಯ ಸೈನಿಕ ಶಾಲೆ ದಾಟುವಾಗ ಅಮ್ಮ, 'ನಿಮ್ ಮಾವನ್ನ ಮಿಲಿಟ್ರಿಗೆ ಸೇರ್ಸಬೇಕು ಅಂತ ತಾತಂಗೆ ಎಷ್ಟ್ ಆಸೆ ಇತ್ತು ಗೊತ್ತಾ' ಅಂದಳು. ನನಗೆ ಗೊತ್ತಿರಲಿಲ್ಲ. ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದವು. ಕಿಟಕಿ ಇಳಿಸಿದರೆ ಮಲ್ಲಿಗೆಯಂಥ ಘಮ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಪ್ರತಿಮೆ ಇರುವ ಸರ್ಕಲ್ಲು ನೀವು ನೋಡಿರ್ತೀರಿ. 2023ರಲ್ಲಿ ಬಸ್ಸೊಂದು ಡಿಕ್ಕಿ ಹೊಡೆದು ಆ ಪ್ರತಿಮೆ ಕೆಳಗೆ ಬಿದ್ದಿತ್ತು, ಮತ್ತೆ ರಿಪೇರಿ ಮಾಡಿ ನಿಲ್ಲಿಸಿದರು. ಅವರು ಹುಟ್ಟಿ ಬೆಳೆದ ಮನೆ 'ಸನ್ನಿ ಸೈಡ್' ಬಹಳ ವರ್ಷ ಆರ್‌ಟಿಒ ಆಫೀಸಾಗಿತ್ತು. ಜನ ಅಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಕ್ಯೂ ನಿಲ್ಲುತ್ತಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ಬೆನ್ನುಬಿದ್ದು, ಸರ್ಕಾರ ದುರಸ್ತಿ ಮಾಡಿಸಿ, ಅದು ಮ್ಯೂಸಿಯಂ ಆಯಿತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು.

ಹೊರಗೆ ಅಂಗಳದಲ್ಲಿ ಯುದ್ಧಸ್ಮಾರಕ, ಸೇವೆ ಮುಗಿಸಿದ ಒಂದು ಟ್ಯಾಂಕು, ಒಂದು ಮಿಗ್ ವಿಮಾನ. ಮಕ್ಕಳೆಲ್ಲ ಟ್ಯಾಂಕಿನ ಮುಂದೆ ಸೆಲ್ಫಿ. ಒಳಗೆ ಹೆಂಚಿನ ಹಳೇ ಮನೆಯ ತಂಪು. ಒಂದೊಂದು ಕೋಣೆಯಲ್ಲೂ ಅವರ ಬದುಕಿನ ಒಂದೊಂದು ಘಟ್ಟ. ಬಾಲ್ಯ, ಸೈನ್ಯ, ಕಾಶ್ಮೀರ, ಕೊರಿಯಾ, ಸೈಪ್ರಸ್. ನಾನು ಫೋಟೊ ನೋಡುತ್ತಾ ಬೇಗ ಬೇಗ ಮುಂದೆ ಹೋಗ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಕಾಶ್ಮೀರದ ಹತ್ತಿರವೇ ನಿಂತುಬಿಟ್ಟಿದ್ದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

ಪಕ್ಕದಲ್ಲಿ ಮೊಮ್ಮಗಳ ಕೈ ಹಿಡಿದುಕೊಂಡು ನೋಡ್ತಿದ್ದ ಕೊಡಗಿನ ಹಿರಿಯರೊಬ್ಬರು ಕೇಳಿದರು. 'ಮನೇಲಿ ಯಾರಾದ್ರೂ ಆರ್ಮಿಲಿ ಇದ್ರಾ ಅಮ್ಮ?'

'ನಮ್ಮಪ್ಪ ಸಾರ್. ಈ ದಾರಿ ಮಾಡಿದೋರಲ್ಲಿ ಇದ್ರು' ಅಂದಳು ಅಮ್ಮ. ಅಷ್ಟು ಗಟ್ಟಿಯಾಗಿ ಅವಳು ಹೊರಗಿನವರ ಹತ್ತಿರ ಮಾತಾಡಿದ್ದು ನಾನು ನೋಡಿದ್ದು ಕಡಿಮೆ.

ಅವರು ಒಮ್ಮೆ ನೆಟ್ಟಗೆ ನಿಂತರು. ನಿವೃತ್ತ ಸೈನಿಕರು ಅಂತ ಆಗ ಗೊತ್ತಾಯಿತು. 'ಮದ್ರಾಸ್ ಸ್ಯಾಪರ್ಸಾ? ಯಾವ ಕಂಪನಿಲಿದ್ರು?'

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಕಂಪನಿ ಯಾವುದು? ನಂಬರ್ ಏನು? ಯಾವ ವರ್ಷ ಸೇರಿದ್ದು, ಯಾವ ವರ್ಷ ಬಿಟ್ಟಿದ್ದು? ಅದೇ ಕಥೆಯನ್ನು ನೂರು ಸಲ ಕೇಳಿದ ನಮಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಜನರಲ್ ಹುಟ್ಟಿದ್ದು, ಓದಿದ್ದು, ಸತ್ತಿದ್ದು ಎಲ್ಲ ಒಂದೇ ರಾತ್ರಿಯಲ್ಲಿ ಫೋನಿನಲ್ಲಿ ಸಿಕ್ಕಿತ್ತು. ತಾತನದ್ದು ಎಲ್ಲಿ ಹುಡುಕೋದು?

'ಡಿಸ್ಚಾರ್ಜ್ ಬುಕ್ ಇರ್ಬೇಕಲ್ಲ ಮನೇಲಿ' ಅಂದರು ಅವರು. 'ಪೆನ್ಷನ್ ಕಾಗದದ ಜೊತೆ ನೋಡಿ. ಸಿಗದಿದ್ರೆ ಬೆಂಗಳೂರಲ್ಲೇ ಅವರ ರೆಕಾರ್ಡ್ಸ್ ಆಫೀಸಿದೆ, ವಿಚಾರಿಸಿ.' ಆಮೇಲೆ ಮೊಮ್ಮಗಳಿಗೆ, 'ಈ ಅಮ್ಮನ ಅಪ್ಪ ಅಲ್ಲಿ ದಾರಿ ಮಾಡಿದೋರು' ಅಂತ ಹೇಳಿದರು. ಆ ಪುಟ್ಟಿ ಅಮ್ಮನನ್ನು ಮೇಲಿಂದ ಕೆಳಗೆ ನೋಡಿತು, ಅಮ್ಮನೇ ದಾರಿ ಕಡಿದವಳೇನೋ ಅನ್ನೋ ಹಾಗೆ.

ಎರಡು ವಾರ ಆದ ಮೇಲೆ ಮಾವ ಬೀರು ಹುಡುಕಿದ. ಜಮೀನಿನ ಪಹಣಿ, ಪತ್ರಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಪುಟಗಳಿಗೆ ನೀರು ಇಳಿದು ಶಾಯಿ ಹರಡಿದೆ. ಕಂಪನಿಯ ನಂಬರ್ ಓದಲು ಆಗುತ್ತಿಲ್ಲ. ಪದಕಗಳ ಜಾಗದಲ್ಲಿ ಮಾತ್ರ ಜನರಲ್ ಸರ್ವಿಸ್ ಮೆಡಲ್, ಅದರ ಮುಂದೆ ಜಮ್ಮು ಮತ್ತು ಕಾಶ್ಮೀರ ಅಂತ ಟೈಪ್ ಮಾಡಿದ್ದು ಕಾಣುತ್ತೆ. ಅಂದರೆ ತಾತ ಆ ಯುದ್ಧದಲ್ಲಿದ್ದದ್ದಕ್ಕೆ ಕಾಗದ ಇದೆ. ಆ ಕಣಿವೆಯ ಆ ದಾರಿಯಲ್ಲಿ ಇದ್ದದ್ದಕ್ಕೆ ಇರೋದು ಅವರ ಮಾತು ಮಾತ್ರ. ರೆಕಾರ್ಡ್ಸ್ ಆಫೀಸಿಗೆ ಪತ್ರ ಬರೆದಿದ್ದೀನಿ. ಉತ್ತರ ಬಂದರೂ ಸರಿ, ಬರದಿದ್ದರೂ ಸರಿ. ಒಂದು ಸಲ ಅವರ ಮಾತು ನಂಬದೆ ನಕ್ಕಿದ್ದು ಸಾಕು.

ಒಂದು ಮಾತು ನಿಮಗೆ. ಮಡಿಕೇರಿಗೆ ಹೋದಾಗ ಅಬ್ಬಿ ಜಲಪಾತ, ರಾಜಾ ಸೀಟ್ ಜೊತೆ ಸನ್ನಿ ಸೈಡ್‌ಗೂ ಒಂದು ಗಂಟೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲೂ ಒಬ್ಬ ಮಿಲಿಟ್ರಿ ತಾತ ಇದ್ದರೆ, ಹೋಗುವ ಮೊದಲು ಅವರ ಕಂಪನಿ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಅದೆಲ್ಲಿ ಬರುತ್ತೆ ಮೇಡಂ?

ಬೆಂಗಳೂರಿನಲ್ಲಿ ರೆಸಿಡೆನ್ಸಿ ರೋಡಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಅಂತ ಹೆಸರು. 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನವರು ಕಾರ್ಯಪ್ಪ. ಅದರ ಪಕ್ಕದ ರಿಚ್ಮಂಡ್ ರೋಡು ಜನರಲ್ ತಿಮ್ಮಯ್ಯ ರಸ್ತೆ. ತಿಮ್ಮಯ್ಯ ಹುಡುಗನಾಗಿ ಓದಿದ ಬಿಷಪ್ ಕಾಟನ್ ಶಾಲೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಇಬ್ಬರೂ ಊರಿನ ನಡುಮಧ್ಯದಲ್ಲಿ ಅಕ್ಕಪಕ್ಕ ಇದ್ದಾರೆ. ಆದರೆ ಹೆಸರು ಕರೆಯೋರಿಲ್ಲ.

ಮೊನ್ನೆ ಸಂಜೆ ಮಳೆ ಬರುವ ಹಾಗಿತ್ತು. ಆಟೊ ನಿಲ್ಲಿಸಿ ಬೇಕಂತಲೇ ಕೇಳಿದೆ. 'ಜನರಲ್ ತಿಮ್ಮಯ್ಯ ರೋಡ್ ಬರ್ತೀರಾ?'

'ಅದೆಲ್ಲಿ ಬರುತ್ತೆ ಮೇಡಂ?'

'ರಿಚ್ಮಂಡ್ ರೋಡು.'

'ಹಂಗನ್ನಿ ಮತ್ತೆ. ಕೂತ್ಕೊಳ್ಳಿ.' ಸಿಗ್ನಲ್ಲಿನಲ್ಲಿ ನಿಂತಾಗ ಅವರೇ ಹಿಂದೆ ತಿರುಗಿದರು. 'ಯಾರು ಮೇಡಂ ಅವ್ರು, ತಿಮ್ಮಯ್ಯ ಅಂದ್ರೆ?'

ಸಿಗ್ನಲ್ ದೊಡ್ಡದಿತ್ತು. ಹೇಳಿದೆ. ಹಿಮದ ಕಣಿವೆ, ಬಿಚ್ಚಿ ತಂದ ಟ್ಯಾಂಕು, ಗುದ್ದಲಿ ಹಿಡಿದ ನಮ್ಮ ಕಡೆಯ ಹುಡುಗರು. ಅದರಲ್ಲೊಬ್ಬ ನಮ್ಮ ತಾತ. ಟ್ಯಾಂಕ್ ಹತ್ತಿದ ದಿನ ಜನರಲ್ ಎಲ್ಲಿ ಕೂತಿದ್ದರು ಅಂತಲೂ ಹೇಳಿದೆ.

'ಏನ್ ಮೇಡಂ ನೀವು!' ಅಂತ ಅವರು ನಕ್ಕರು. 'ಅಷ್ಟು ದೊಡ್ಡೋರು ಮೊದಲ್ನೇ ಟ್ಯಾಂಕಲ್ಲಿ ಕೂರ್ತಾರಾ?'

'ಕೂತಿದ್ರು' ಅಂದೆ. 'ನಮ್ಮ ತಾತ ನೋಡಿದ್ರು.'